ಬುಟ್ಟಿ ಇಳಿಸುವ ಕಲ್ಲು

ಅಲ್ಪವಿರಾಮ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಕಥೆ. ಯಾವನೋ ರಾಜ, ಯಾವನೋ ಕೈದಿ, ಆಜ್ಞೆಯಲ್ಲಿ ಅಲ್ಪವಿರಾಮ ಒಂದು ಶಬ್ದ ಆಚೆ ಬಿದ್ದರೆ ಗಲ್ಲು, ಈಚೆ ಬಿದ್ದರೆ ಬಿಡುಗಡೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿದವಳು ನಾನು. ಈ ಕಥೆ ಕೇಳಿ ಕೇಳಿ ನನಗೆ ಸಾಕುಬೇಕಾಗಿದೆ. ಹೇಳುವವರು ತಾವೇ ಕಂಡುಹಿಡಿದ ಹಾಗೆ ಹೇಳುತ್ತಾರೆ, ನಗುತ್ತಾರೆ, ಚಹಾ ಕುಡಿದು ಎದ್ದು ಹೋಗುತ್ತಾರೆ. ಆಮೇಲೆ ಅವರೇ ಕುಳಿತು ಬರೆಯುವ ಮದುವೆ ಕಾಗದದಲ್ಲಿ, ಸಂಘದ ವರದಿಯಲ್ಲಿ, ವಾಟ್ಸಾಪಿನಲ್ಲಿ ಕಳಿಸುವ ಉದ್ದುದ್ದ ಉಪದೇಶದಲ್ಲಿ, ಒಂದು ಅಲ್ಪವಿರಾಮವನ್ನೂ ಹಾಕುವುದಿಲ್ಲ. ಕೈದಿಯೊಬ್ಬ ಬದುಕಿದರೆ ಸಾಕು, ಓದುವವರು ಸತ್ತರೂ ಚಿಂತೆಯಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಹಾಲಾಡಿಯ ನನ್ನ ತವರುಮನೆಯವರೂ ಹೇಳುತ್ತಾರೆ, ಬ್ರಹ್ಮಾವರದಲ್ಲಿರುವ ನನ್ನ ಮಗಳೂ ಹೇಳುತ್ತಾಳೆ. ಆದರೆ ಹೋದ ವರ್ಷ ನಮ್ಮೂರಿನ ಗ್ರಾಮಸಭೆಯಲ್ಲಿ ನನಗೆ ಬಂದ ಸಿಟ್ಟು ಆ ಜಾತಿಯದಲ್ಲ. ಅದು ಇವತ್ತಿಗೂ ಇಳಿದಿಲ್ಲ. ಅದರಲ್ಲಿ ಅರ್ಧ ಯಾರ ಮೇಲೆ ಎಂಬುದು ಆ ದಿನ ಬೆಳಿಗ್ಗೆ ನನಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಿದಾಗ ನನ್ನನ್ನು ಕೆರಾಡಿಯ ಕಡೆ ಹಾಕಿದ್ದರು. ಕಾಡಿನ ಅಂಚಿನ ಶಾಲೆ. ಅಲ್ಲಿಯ ಮಕ್ಕಳು ಓದುವುದೆಂದರೆ ಓಡುವುದೆಂದೇ ತಿಳಿದಿದ್ದರು. ಪುಸ್ತಕ ತೆರೆದ ಕೂಡಲೇ ಉಸಿರು ಕಟ್ಟಿಕೊಂಡು ಹೊರಟರೆ ಪುಟದ ಕೊನೆಯಲ್ಲೇ ನಿಲ್ಲುವುದು. ಮಾತಿನಲ್ಲೂ ನಾವು ಕುಂದಾಪುರದ ಕಡೆಯವರು ಅಕ್ಷರ ನುಂಗಿ, ಕ್ರಿಯಾಪದ ಕತ್ತರಿಸಿ, ಹೇಳಬೇಕಾದ್ದನ್ನು ಹೇಳಿ ಮುಗಿಸುವವರು. ಆದರೆ ಮಾತಿಗೆ ಕೈ ಇದೆ, ಕಣ್ಣು ಇದೆ, ಮಧ್ಯೆ ಎಲೆಯಡಿಕೆ ಉಗುಳಲು ತಿರುಗುವ ಕತ್ತು ಇದೆ. ಎಲ್ಲಿ ನಿಲ್ಲಬೇಕೋ ಅಲ್ಲಿ ತಾನಾಗಿ ನಿಲ್ಲುತ್ತದೆ. ಕಾಗದಕ್ಕೆ ಅದು ಯಾವುದೂ ಇಲ್ಲ ಎಂಬುದು ನಮ್ಮವರ ತಲೆಗೆ ಹೋಗುವುದೇ ಇಲ್ಲ.

ಹಾಗಾಗಿ ನಾನು ಒಂದು ರೂಢಿ ಮಾಡಿಕೊಂಡೆ. ಮಗು ಓದುವಾಗ ಅಡಿಕೋಲಿನಿಂದ ಮೇಜಿಗೆ ಬಡಿಯುವುದು. ಅಲ್ಪವಿರಾಮಕ್ಕೆ ಒಂದು ಪೆಟ್ಟು, ಪೂರ್ಣವಿರಾಮಕ್ಕೆ ಎರಡು. ಪೆಟ್ಟು ಬೀಳುವವರೆಗೆ ಮುಂದಿನ ಶಬ್ದ ಬಾಯಿಂದ ಬರಕೂಡದು. ತಪಾಸಣೆಗೆ ಬಂದ ಸಾಹೇಬರೊಬ್ಬರು ಇದನ್ನು ಕಂಡು, ಚಂಡೆ ಕಲಿಸುತ್ತೀರಾ ಟೀಚರ್, ಎಂದು ನಕ್ಕಿದ್ದರು. ನಗಲಿ. ಆ ಮಕ್ಕಳು ಮೂರನೇ ತಿಂಗಳಿಗೆ ಓದಿದ್ದು ಏನೆಂದು ತಿರುಗಿ ಹೇಳತೊಡಗಿದರು. ಅಲ್ಲಿಂದ ಹಾಲಾಡಿಗೆ ವರ್ಗವಾದಾಗ ಅಡಿಕೋಲನ್ನೂ ಜೊತೆಗೇ ತೆಗೆದುಕೊಂಡು ಹೋದೆ. ಅಲ್ಲಿಯೇ ಹೆಚ್ಚು ವರ್ಷ ಇದ್ದೆ, ಅಲ್ಲಿಯೇ ಒಳ್ಳೆಯ ಟೀಚರ್ ಎಂಬ ಹೆಸರೂ ಬಂತು. ಆ ಹೆಸರಿನ ವಿಷಯ ಮುಂದೆ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಬೈಂದೂರಿನಿಂದ ಶಿರೂರಿಗೆ ಹೋಗುವ ದಾರಿಯಲ್ಲಿ, ಕಡಲಿಗೆ ಹತ್ತಿರದ ಒಂದು ಊರಿನಲ್ಲಿ ನೆಲೆಯಾದೆವು. ನನ್ನ ಯಜಮಾನರ ಅಜ್ಜಿಯ ಕಾಲದ ಹಿತ್ತಲದು. ಊರಿನ ಹೆಸರು ಬೇಡ, ಇಂಥ ಪಂಚಾಯತಿ ನಮ್ಮ ಕಡೆ ಒಂದೇ ಇರುವುದೂ ಅಲ್ಲ.

ಅಲ್ಲಿ ವಾರಕ್ಕೆರಡು ಸಲ ನಮ್ಮ ಮನೆಗೆ ಒಣಮೀನು ತರುವ ಒಬ್ಬ ಹೆಂಗಸು ಇದ್ದಾರೆ. ನನಗಿಂತ ಒಂದೆರಡು ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತೇನೆ. ತೆಳ್ಳಗೆ, ಉದ್ದಕ್ಕೆ, ಮಾತು ಚುರುಕು. ಎಳೆ ಪ್ರಾಯದಲ್ಲಿ ಕಡಲಿನಿಂದ ಪೇಟೆಗೆ ಬುಟ್ಟಿ ಹೊತ್ತು ನಡೆದವರು, ಈಗ ಉಬ್ಬಸ. ಜಗಲಿಯ ಮೆಟ್ಟಿಲು ಹತ್ತಿದರೆ ಸ್ವಲ್ಪ ಹೊತ್ತು ಕಂಬ ಹಿಡಿದು ನಿಂತೇ ಮಾತು ಶುರುಮಾಡುವುದು. ಒಂದು ದಿನ ಹಾಗೆ ನಿಂತವರು ಬಂಗುಡೆ ಮೀನಿನ ಮಾತೆತ್ತಲಿಲ್ಲ.

"ಟೀಚರೇ, ನಂಗ್ ಓದುಕೆ ಕಲ್ಸ್‌ತ್ರಿಯಾ?"

"ಈಗ ಎಂತ ಆಯ್ತ್ ಅಕ್ಕ, ಇದ್ದಕ್ಕಿದ್ದ ಹಾಂಗೆ?"

ಕೂತು ಹೇಳಿದರು. ಕಡಲಬದಿಯಲ್ಲಿ ಹೊಯ್ಗೆಯ, ಎಂದರೆ ಮರಳಿನ, ಒಂದು ಬಯಲಿದೆ. ಅವರೂ ಸೇರಿ ಹನ್ನೆರಡು ಮಂದಿ ಹೆಂಗಸರು ಮೂವತ್ತು ವರ್ಷದಿಂದ ಅಲ್ಲಿ ಮೀನು ಒಣಗಿಸುತ್ತಾರೆ. ಈಗ ರಜಾದಿನಗಳಲ್ಲಿ ಕಡಲು ನೋಡಲು ಹೊರಗಿನವರು ಬರುವುದು ಹೆಚ್ಚಾಗಿ, ಆ ಬಯಲನ್ನು ಸಮತಟ್ಟು ಮಾಡಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಪಂಚಾಯತಿಗೆ ಅನಿಸಿದೆ. ಹಿಂದಿನ ಗ್ರಾಮಸಭೆಯಲ್ಲಿ ಇವರು ಅರ್ಜಿ ಕೊಟ್ಟಿದ್ದರು.

"ಒಂದ್ ಪುಟ ಪೂರ್ತಿ ಬರ್ಸಿದ್ದೆ ಟೀಚರೇ. ಪಂಚಾಯ್ತಿಯವ್ರೇ ಓದಿ ಹೇಳ್ರ್. ಅವ್ರ್ ಬಾಯಗೆ ಬಂದದ್ದ್ ಒಂದೇ ಮಾತ್, ಮೀನ್ ಒಣ್ಸುಕೆ ಜಾಗ ಬೇಕಂಬ್ರ್ ಅಂದೇಳಿ. ಜಾಗ ಬೇಕ್ ಅಂದದ್ದ್ ಯಾರ್? ಇದ್ದ್ ಜಾಗ ತೆಗಿಬ್ಯಾಡಿ ಅಂದದ್ದ್ ನಾವ್. ಈ ಸರ್ತಿ ನಾನೇ ಓದ್ಕ್. ಎದ್ದ್ ನಿಂತ್ ನಾನೇ ಓದ್ಕ್."

ತಾವೇ ಓದಬೇಕೆಂದು ಹಟ ಹಿಡಿದ ಅಕ್ಕ ಎರಡನೇ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದರು, ಅಕ್ಷರಗಳು ಪೂರ್ತಿ ಮರೆತಿರಲಿಲ್ಲ. ಒತ್ತಕ್ಷರ ಬಂದಾಗ ತಡವರಿಸುತ್ತಿದ್ದರು, ಅಷ್ಟೆ. ಬೆಳಿಗ್ಗೆ ಮೀನು ಹರಡಿ, ಕಾಗೆ ಕಾಯಲು ಇನ್ನೊಬ್ಬರನ್ನು ಕೂರಿಸಿ, ಹತ್ತು ಗಂಟೆಗೆ ನಮ್ಮ ಜಗಲಿಗೆ ಬರುತ್ತಿದ್ದರು. ನಾನು ಹಳೆಯ ಅಡಿಕೋಲನ್ನು ಹುಡುಕಿ ತೆಗೆದೆ. ಹದಿನೈದು ದಿನವಾದ ಮೇಲೆ ಮೂರನೇ ಕ್ಲಾಸಿನ ಪುಸ್ತಕದ ಸಾಲೊಂದರ ಮೇಲೆ ಬೆರಳಿಟ್ಟು ಕೇಳಿದರು.

"ಇದೆಂತ, ಬಾಲ ಇದ್ದ್ ಚುಕ್ಕಿ?"

ನಾನು ಹೇಳಿದೆ. ಅಲ್ಲಿ ಸ್ವಲ್ಪ ನಿಲ್ಲಬೇಕು, ಅರ್ಥ ಒಂದು ತುಂಡು ಮುಗಿದಿರುತ್ತದೆ, ಆದರೆ ಮಾತು ಮುಗಿದಿರುವುದಿಲ್ಲ. ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋಗುವುದು. ಹೇಳುತ್ತಾ ಮೇಜಿಗೆ ಒಂದು ಪೆಟ್ಟು ಕೊಟ್ಟೆ. ಅವರು ಆ ಬಾಲದ ಚುಕ್ಕಿಯ ಮೇಲೆ ಬೆರಳಾಡಿಸಿದರು.

"ಹಾಂಗಾರೆ ಇದ್ ಬುಟ್ಟಿ ಇಳ್ಸು ಕಲ್ಲ್ ಅಲ್ದಾ?"

ನಮ್ಮ ಕಡೆಯ ಹಳೆಯ ದಾರಿಗಳಲ್ಲಿ ಅಂಥ ಕಲ್ಲುಗಳಿದ್ದವು. ಎರಡು ಕಲ್ಲು ನೆಟ್ಟು, ಮೇಲೊಂದು ಚಪ್ಪಡಿ ಅಡ್ಡ ಹಾಕಿ, ಹೆಗಲೆತ್ತರಕ್ಕೆ ನಿಲ್ಲಿಸಿದ್ದು. ತಲೆಹೊರೆಯವರು ಬಂದು, ಬಗ್ಗದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ಅಲ್ಲಿಂದಲೇ ತಲೆಗೆ ಏರಿಸಿಕೊಂಡು ಹೋಗುತ್ತಿದ್ದರು. ನಾನು ಚಿಕ್ಕವಳಿದ್ದಾಗ ಹಾಲಾಡಿಯ ಹತ್ತಿರ ನೋಡಿದ್ದೇನೆ. ಆದರೆ ಹೊತ್ತವಳಲ್ಲ, ನೋಡಿದವಳು.

"ನೆಲಕ್ ಇಳ್ಸ್ರೆ ಎತ್ತುಕೆ ಇನ್ನೊಬ್ರ್ ಬೇಕ್. ಯಾರಾರೂ ಬಪ್ಪಲ್ಲಿವರಿಗೆ ಕಾಯ್ಕ್," ಎಂದರು ಅಕ್ಕ. "ಕಲ್ಲಿನ್ ಮೇಲ್ ಇಳ್ಸ್ರೆ ಯಾರ್ ಹಂಗೂ ಬ್ಯಾಡ. ನಾನೇ ಇಳ್ಸ್ತೆ, ನಾನೇ ತಕಂತೆ."

ಅಷ್ಟು ವರ್ಷ ಅಲ್ಪವಿರಾಮ ಕಲಿಸಿದ ನನಗೆ ಇದು ಹೊಳೆದಿರಲಿಲ್ಲ. ಉದ್ದ ವಾಕ್ಯವನ್ನು ಒಂದೇ ಉಸಿರಿಗೆ ಹೊರಿಸಿದರೆ ಓದುವವನು ಮಧ್ಯದಲ್ಲಿ ಬೀಳುತ್ತಾನೆ. ಬಿದ್ದ ಮೇಲೆ ಎತ್ತಿಕೊಡಲು ಇನ್ನೊಬ್ಬ ಬೇಕು. ಆ ಇನ್ನೊಬ್ಬ ಯಾರು ಎಂದರೆ ವಕೀಲ, ಗುಮಾಸ್ತ, ಊರಿನ ಯಜಮಾನ. ಬಿಡಿ ಅಕ್ಕ, ನಾನೇ ಓದಿ ಹೇಳುತ್ತೇನೆ, ಎನ್ನುವವನು. ಜನ ಓದಲಾರದಂತೆ ಬರೆದಿಟ್ಟು, ಆಮೇಲೆ ಓದಿ ಹೇಳುವ ಉಪಕಾರ ಮಾಡುವವರನ್ನು ಜೀವಮಾನವಿಡೀ ನೋಡಿದ್ದೇನೆ. ಅವರಿಗೆ ನಾವು ಕೈಮುಗಿದು ಬೇರೆ ಬರಬೇಕು.

ಅರ್ಜಿಯನ್ನು ಇಬ್ಬರೂ ಕೂತು ಬರೆದೆವು. ಅವರು ಹೇಳಿದರು, ನಾನು ಬರೆದೆ, ಅವರು ಓದಿದರು. ಉಸಿರು ಸಿಕ್ಕಿಕೊಂಡಲ್ಲಿ ನಿಲ್ಲಿಸಿ, ಇಲ್ಲೊಂದು ಕಲ್ಲು ಬೇಕು, ಎಂದರು. ಎಲ್ಲ ಕಡೆಯೂ ನಾನು ಒಪ್ಪಲಿಲ್ಲ. ಮೀನು ಎಂಬುದಕ್ಕೂ ಒಣಗಿಸುತ್ತೇವೆ ಎಂಬುದಕ್ಕೂ ನಡುವೆ ಅಲ್ಪವಿರಾಮ ಕೇಳಿದಾಗ ಸಿಟ್ಟೇ ಬಂತು. ಅಲ್ಪವಿರಾಮವೆಂದರೆ ಕೋಸಂಬರಿಗೆ ಕೊತ್ತಂಬರಿ ಉದುರಿಸಿದ ಹಾಗೆ ಕಂಡಕಂಡಲ್ಲಿ ಉದುರಿಸುವುದಲ್ಲ, ಅಲ್ಲಿ ಅರ್ಥ ಇನ್ನೂ ಅರ್ಧದಲ್ಲಿದೆ, ಹಾಕಲು ಬರುವುದಿಲ್ಲ ಎಂದೆ. ಅವರು ವಾದಿಸಲಿಲ್ಲ. ಉಸಿರು ಅಲ್ಲಿಯೇ ಮುಗಿಯುತ್ತದೆ, ನಾನೇನು ಮಾಡಲಿ, ಎಂದರು. ನಾನು ಇನ್ನೊಮ್ಮೆ ಓದಿ ನೋಡಿದೆ. ಅಲ್ಪವಿರಾಮ ಕಡಿಮೆಯಾದದ್ದಲ್ಲ, ನನ್ನ ವಾಕ್ಯದ ಉದ್ದವೇ ಹೆಚ್ಚಾಗಿತ್ತು. ಎರಡು ಮಾಡಿದೆ. ಕೊನೆಗೆ ನಿಂತದ್ದು ಹೀಗೆ.

"ನಾವು ಹನ್ನೆರಡು ಮಂದಿ ಹೆಂಗಸರು. ಮೂವತ್ತು ವರ್ಷದಿಂದ, ಕಡಲಬದಿಯ ಬಯಲಿನಲ್ಲಿ, ಮೀನು ಒಣಗಿಸುತ್ತೇವೆ. ಮನೆಯಂಗಳ ಚಿಕ್ಕದು, ಅಲ್ಲಿ ಬಿಸಿಲಿಲ್ಲ, ನೆರೆಯವರಿಗೆ ವಾಸನೆ. ಕಾರು ಎಲ್ಲಿ ಬೇಕಾದರೂ ನಿಲ್ಲುತ್ತದೆ, ಮೀನು ಅಲ್ಲೇ ಒಣಗಬೇಕು. ನಮಗೆ ಹೊಸ ಜಾಗ ಬೇಡ, ಇದ್ದ ಜಾಗ ತೆಗೆಯಬೇಡಿ."

ಕಾರಿನ ಸಾಲು ಅವರದೇ. ನಾನು ಒಂದಕ್ಷರ ಬದಲಿಸಲಿಲ್ಲ. ನಾಲ್ಕು ದಿನ ಅಭ್ಯಾಸ ಮಾಡಿದರು, ಕೊನೆಯ ದಿನ ಅಡಿಕೋಲಿನ ಪೆಟ್ಟು ಇಲ್ಲದೆಯೇ, ಎಲ್ಲಿಯೂ ಉಬ್ಬಸವಿಲ್ಲದೆ, ಪೂರ್ತಿ ಓದಿದರು. ಓದಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಹೆಮ್ಮೆಯಾಯಿತು, ಅವರ ಮೇಲೂ, ನನ್ನ ಮೇಲೂ.

ಅರ್ಜಿಯನ್ನು ಸಭೆಗೆ ಮೂರು ದಿನ ಮೊದಲೇ ಪಂಚಾಯತಿ ಕಚೇರಿಗೆ ಕೊಡಬೇಕು, ಅಲ್ಲಿ ಟೈಪ್ ಆದದ್ದನ್ನೇ ಸಭೆಯಲ್ಲಿ ಓದಬೇಕು ಎಂಬುದು ನಮ್ಮೂರಿನ ಕ್ರಮ. ಅಕ್ಕ ಕೊಟ್ಟು ಬಂದರು. ಕೈಬರಹದ ಹಾಳೆಯನ್ನು ಕೇಳಿ ವಾಪಸು ತೆಗೆದುಕೊಂಡದ್ದು ಅವರ ಬುದ್ಧಿವಂತಿಕೆ, ನನ್ನದಲ್ಲ.

ಸಭೆ ಶಾಲೆಯ ಹಾಲಿನಲ್ಲಿ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಂದೆ ಮೇಜಿನ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ನಿರ್ಣಯದ ಪುಸ್ತಕ ಇಟ್ಟುಕೊಂಡು ಪಂಚಾಯತಿಯ ಬರವಣಿಗೆಯವನು. ಟೈಪ್ ಮಾಡುವುದು, ನಿರ್ಣಯ ಬರೆಯುವುದು, ಓದಿ ಹೇಳುವುದು, ಮೂರೂ ಅವನೇ. ನಲವತ್ತು ದಾಟಿದ ಗಂಡಸು. ಎಲ್ಲೋ ನೋಡಿದ ಮುಖ ಅನಿಸಿತು, ಆದರೆ ಕನ್ನಡಕದಲ್ಲಿ ಗುರುತು ಹತ್ತಲಿಲ್ಲ. ಅಕ್ಕನ ಸರದಿ ಬಂದಾಗ ಅವನು ಟೈಪ್ ಮಾಡಿದ ಹಾಳೆಯನ್ನು ಅವರ ಕೈಗೆ ಕೊಟ್ಟ. ಅಕ್ಕ ಎದ್ದು ನಿಂತು, ಹಾಳೆ ನೋಡಿ, ಒಮ್ಮೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು. ನನಗೆ ಏನೂ ತಿಳಿಯಲಿಲ್ಲ. ಅವರು ಶುರುಮಾಡಿದರು.

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಈ ಮೂಲಕ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ ನಾವು ಹನ್ನೆರಡು ಮಂದಿ ಮಹಿಳೆಯರು ಕಳೆದ ಮೂವತ್ತು ವರ್ಷಗಳಿಂದ ಸದರಿ ಸ್ಥಳದಲ್ಲಿ ಮೀನು ಒಣಗಿಸುವ ಕೆಲಸ ಮಾಡಿಕೊಂಡು ಬರುತ್ತಿದ್ದು ಮನೆಯಂಗಳದಲ್ಲಿ ಸ್ಥಳಾವಕಾಶ ಇಲ್ಲದಿರುವುದರಿಂದಲೂ ನೆರೆಹೊರೆಯವರು ಆಕ್ಷೇಪಿಸುತ್ತಿರುವುದರಿಂದಲೂ"

ಅಷ್ಟರಲ್ಲಿ ಉಸಿರು ಮುಗಿಯಿತು. ಎಲ್ಲಿ ನಿಲ್ಲುವುದೆಂದು ಹಾಳೆಯಲ್ಲಿ ಹುಡುಕಿದರು, ನಿಲ್ಲಲು ಜಾಗವಿರಲಿಲ್ಲ. ಸಿಕ್ಕಲ್ಲಿ ನಿಂತರು. ಮತ್ತೆ ಶುರುಮಾಡಿದಾಗ ಸಾಲು ತಪ್ಪಿತು, ಓದಿದ್ದನ್ನೇ ಓದಿದರು. ಯಾರೋ ನಕ್ಕರು. ಒಬ್ಬರು ನಕ್ಕರೆ ಸಾಕು, ಸಭೆಯಲ್ಲಿ ನಗುವವರಿಗೆ ಬರವಿಲ್ಲ. ಅಕ್ಕನ ಎದೆ ಹತ್ತಿ ಇಳಿಯುವುದು ಹಿಂದಿನ ಸಾಲಿಗೂ ಕಾಣುತ್ತಿತ್ತು. ಅಧ್ಯಕ್ಷರು ಕೆಟ್ಟವರೇನಲ್ಲ, ಕೈ ಎತ್ತಿ ಮೃದುವಾಗಿಯೇ ಹೇಳಿದರು.

"ಸಾಕ್ ಮಾರಾಯ್ತಿ, ಕೂಕಣಿ. ವಿಷಯ ಗೊತ್ತಾಯ್ತ್, ಬರ್ಕಂಡ್ರ್."

ಅಕ್ಕ ಕೂತರು. ಸಭೆ ಮುಂದಿನ ವಿಷಯಕ್ಕೆ ಹೋಯಿತು, ಬೀದಿದೀಪ ಎಂದು ಕಾಣುತ್ತದೆ. ನನ್ನ ಕಿವಿಗೆ ಏನೂ ಬೀಳಲಿಲ್ಲ. ನಾಲ್ಕು ದಿನ ಅಭ್ಯಾಸ ಮಾಡಿ ನನ್ನ ಜಗಲಿಯಲ್ಲಿ ಸರಾಗ ಓದಿದ ಹೆಂಗಸನ್ನು ಊರೆದುರು ಓದಲು ಬಾರದವಳನ್ನಾಗಿ ಮಾಡಿದ್ದರು. ಬೈದು ಅಲ್ಲ, ತಡೆದು ಅಲ್ಲ, ಆರು ಬಾಲದ ಚುಕ್ಕಿ ಒರೆಸಿ, ವಾಕ್ಯಗಳನ್ನು ಕೂಡಿಸಿ. ಅನ್ಯಾಯ ಮಾಡುವುದಕ್ಕೆ ಇಷ್ಟು ಸಣ್ಣ ಕೆಲಸ ಸಾಕೇ ಎಂದು ಮೈಯೆಲ್ಲ ಉರಿಯಿತು.

ಚಹಾಕ್ಕೆ ಬಿಟ್ಟ ಕೂಡಲೇ ನಾನು ನೆಟ್ಟಗೆ ಆ ಮೇಜಿಗೆ ಹೋದೆ.

"ಹ್ವಾಯ್, ಆ ಅರ್ಜಿ ಟೈಪ್ ಮಾಡಿದ್ದು ನೀವಾ? ಅದರಲ್ಲಿದ್ದ ಅಲ್ಪವಿರಾಮ ಎಲ್ಲ ಎಲ್ಲಿಗೆ ಹೋಯಿತು? ವಾಕ್ಯ ಎಲ್ಲ ಕೂಡಿಸಿ ಹಗ್ಗ ಹೊಸೆದಿದ್ದು ಯಾರು ಹೇಳಿ?"

ಅವನು ಚಹಾದ ಲೋಟ ಕೆಳಗಿಟ್ಟು ಎದ್ದು ನಿಂತ. ಕನ್ನಡಕ ತೆಗೆದ. ಆಗ ಗುರುತು ಸಿಕ್ಕಿತು. ಹಾಲಾಡಿಯ ಶಾಲೆ, ಏಳನೇ ಕ್ಲಾಸು, ಕಿಟಕಿಯ ಹತ್ತಿರದ ಬೆಂಚು. ನನ್ನ ವಿದ್ಯಾರ್ಥಿ.

"ಟೀಚರೇ, ನೀವ್ ಇಲ್ಲಿಪ್ದ್ ನಂಗ್ ಗೊತ್ತೇ ಇಲ್ಲ," ಎಂದು ಮೊದಲು ಸಂತೋಷಪಟ್ಟ. ಆಮೇಲೆ ನನ್ನ ಮುಖ ನೋಡಿ ಗಲಿಬಿಲಿಯಾದ. "ನಾನ್ ಚೆಂದ ಮಾಡಿ ಕೊಟ್ಟದ್ದಲ್ದಾ? ಅವ್ರ್ ತಂದದ್ದ್ ತುಂಡ್ ತುಂಡ್ ಇದ್ದಿತ್ತ್. ಅರ್ಜಿ ಹಾಂಗ್ ಬರಿಯು ಕ್ರಮ ಇಲ್ಲ. ಮೇಲಿನವ್ರ್ ಓದುವತ್ತಿಗೆ ಮಧ್ಯ ಮಧ್ಯ ನಿಲ್ಸೂದ್ ಮರ್ಯಾದಿ ಅಲ್ಲ."

"ಯಾವ ಕತ್ತೆ ಹೇಳಿಕೊಟ್ಟದ್ದು ನಿನಗೆ ಹೀಗೆಂದು?"

ಅವನು ಸಿಟ್ಟಾಗಲಿಲ್ಲ. ನಗಲೂ ಇಲ್ಲ. ಏಳನೇ ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತು, ಎಡೆಬಿಡದೆ ಹೇಳಿದ.

"ಮಾನ್ಯರೇ ಈ ಮೂಲಕ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ ನನಗೆ ನಿನ್ನೆಯಿಂದ ಜ್ವರ ಬರುತ್ತಿದ್ದು ಶಾಲೆಗೆ ಹಾಜರಾಗಲು ಸಾಧ್ಯವಾಗದಿರುವುದರಿಂದ ದಯವಿಟ್ಟು ಎರಡು ದಿನದ ರಜೆ ಮಂಜೂರು ಮಾಡಿ ಉಪಕರಿಸಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ಬೇಡಿಕೊಳ್ಳುತ್ತೇನೆ." ಹೇಳಿ ಮುಗಿಸಿ, "ನೀವೇ ಅಲ್ದಾ ಟೀಚರೇ, ಬೋರ್ಡಿನ್ ಮೇಲ್ ಬರ್ದ್ ಬಾಯಿಪಾಠ ಮಾಡ್ಸದ್ದ್?" ಎಂದ.

ಹೌದು. ನಾನೇ. ಪ್ರತಿ ವರ್ಷ ಡಿಸೆಂಬರಿನ ಹೊತ್ತಿಗೆ ಬೋರ್ಡಿನ ಮೇಲೆ ಅದನ್ನು ಬರೆಯುತ್ತಿದ್ದೆ. ಪಾಠ ಓದುವಾಗ ಮೇಜು ಬಡಿಯುವ ಟೀಚರ್, ಅರ್ಜಿಯ ಹೊತ್ತಿಗೆ ಅಡಿಕೋಲನ್ನು ಕಪಾಟಿನಲ್ಲಿ ಇಡುತ್ತಿದ್ದೆ. ಯಾಕೆಂದರೆ ಅರ್ಜಿ ಪರೀಕ್ಷೆಗೆ ಬರುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ಕಲಿಸಿದರೆ ಮಕ್ಕಳು ಮುಂದಿನದನ್ನು ಮರೆಯುತ್ತಿದ್ದರು, ಒಂದೇ ಉಸಿರಿನಲ್ಲಿ ಉರು ಹೊಡೆಸಿದರೆ ಮರೆಯುತ್ತಿರಲಿಲ್ಲ. ಐದಕ್ಕೆ ಐದು. ಜ್ವರದ ಜಾಗದಲ್ಲಿ ಮದುವೆ ಹಾಕು, ರಜೆಯ ಜಾಗದಲ್ಲಿ ನಲ್ಲಿನೀರು ಹಾಕು, ಉಳಿದದ್ದು ಹಾಗೇ ಇರಲಿ, ಎಂದು ಹೇಳಿಕೊಟ್ಟಿದ್ದೆ. ಕುಂದಾಪುರದಲ್ಲಿ ನಡೆದ ಶಿಕ್ಷಕರ ಸಭೆಯೊಂದರಲ್ಲಿ, ಕನ್ನಡದಲ್ಲಿ ಹಾಲಾಡಿ ಶಾಲೆಯ ಫಲಿತಾಂಶ ನೋಡಿ ಕಲಿಯಿರಿ, ಎಂದು ಹೇಳಿದಾಗ ತಲೆಯೆತ್ತಿ ಕೂತವಳು ನಾನು. ಒಳ್ಳೆಯ ಟೀಚರ್ ಎಂಬ ಹೆಸರು ಬಂದದ್ದು ಹೀಗೆ. ಆ ಶಿಷ್ಯ ಅದೇ ಅಚ್ಚಿನಲ್ಲಿ ಇಪ್ಪತ್ತು ವರ್ಷದಿಂದ ಊರವರ ಅರ್ಜಿಗಳನ್ನು ಎರಕ ಹೊಯ್ಯುತ್ತಿದ್ದಾನೆ, ನಿಷ್ಠೆಯಿಂದ, ನನ್ನ ಮೇಲಿನ ಗೌರವದಿಂದ.

ಬೈಯಲು ಹೋದವಳು ತಿರುಗಿ ಬಂದು ನನ್ನ ಜಾಗದಲ್ಲಿ ಕೂತೆ. ಅವನ ಮೇಲಿನ ಸಿಟ್ಟು ಎಲ್ಲಿಯೂ ಹೋಗಿರಲಿಲ್ಲ, ಆದರೆ ಈಗ ಅದಕ್ಕೆ ಪಾಲುದಾರಳೊಬ್ಬಳು ಬಂದಿದ್ದಳು.

ಚಹಾ ಮುಗಿದ ಮೇಲೆ ನಿರ್ಣಯಗಳನ್ನು ಓದಿ ಹೇಳುವುದು. ಯಾರು ವಿಷಯ ತಂದರೋ ಅವರು ನಿರ್ಣಯದ ಕೆಳಗೆ ರುಜು ಹಾಕಬೇಕು, ಅದೂ ನಮ್ಮೂರಿನ ಕ್ರಮವೇ. ಅವನು ಎದ್ದು ಓದಿದ, ಓದಿದ್ದಲ್ಲ, ಎಲ್ಲಿಯೂ ನಿಲ್ಲದ ಬಸ್ ಬಿಟ್ಟ.

"ಕಡಲಬದಿಯ ಸದರಿ ಸ್ಥಳದಲ್ಲಿ ಮೀನು ಒಣಗಿಸುತ್ತಿರುವ ಮಹಿಳೆಯರ ಅರ್ಜಿಯನ್ನು ಸಭೆಯ ಗಮನಕ್ಕೆ ತಂದು ಕೂಲಂಕಷವಾಗಿ ಚರ್ಚಿಸಿ ಸೂಕ್ತ ಬದಲಿ ಸ್ಥಳ ಲಭ್ಯವಾದಲ್ಲಿ ಪರಿಶೀಲಿಸುವುದಾಗಿಯೂ ವಾಹನ ನಿಲುಗಡೆಗಾಗಿ ಸ್ಥಳವನ್ನು ಸಮತಟ್ಟು ಮಾಡುವ ಕಾಮಗಾರಿಯನ್ನು ಮುಂದುವರಿಸುವುದಾಗಿಯೂ ಸರ್ವಾನುಮತದಿಂದ ತೀರ್ಮಾನಿಸಲಾಯಿತು."

ಸಭೆ ತಲೆಯಾಡಿಸಿತು. ಅವನು ಪುಸ್ತಕ ತಿರುಗಿಸಿ ಪೆನ್ನು ಮುಂದೆ ಮಾಡಿದ. ಅಕ್ಕ ಮೇಜಿನವರೆಗೆ ಹೋದರು. ಪೆನ್ನು ಮುಟ್ಟಲಿಲ್ಲ.

"ಇನ್ನೊಂದ್ ಸಲ ಓದಿ. ನಿಲ್ಸಿ ನಿಲ್ಸಿ ಓದಿ."

"ಈಗ್ಲೇ ಓದಿದ್ನಲೆ ಅಕ್ಕ."

"ನೀವ್ ಓದ್ದ್ರಿ, ನಂಗ್ ಕೇಂಬುಕೆ ಆಗ್ಲಿಲ್ಲ. ನಾನ್ ಮೇಜ್ ಬಡಿತೆ, ಬಡ್ದಲ್ಲಿ ನಿಲ್ಲಿ."

ಹಾಲಿನಲ್ಲಿ ಮತ್ತೆ ಸಣ್ಣ ನಗೆ ಎದ್ದಿತು, ಆದರೆ ಈ ಸಲ ಅಧ್ಯಕ್ಷರೇ ಕೈ ಎತ್ತಿ ಸುಮ್ಮನಾಗಿಸಿದರು. ಅವನು ನನ್ನ ಕಡೆ ನೋಡಿದ. ನಾನು ನೋಟ ತಿರುಗಿಸಲಿಲ್ಲ. ಓದತೊಡಗಿದ. ಗಮನಕ್ಕೆ ತಂದು, ಎಂದಾಗ ಅಕ್ಕ ಗೆಣ್ಣಿನಿಂದ ಮೇಜಿಗೆ ಒಂದು ಪೆಟ್ಟು ಕೊಟ್ಟರು. ಚರ್ಚಿಸಿ, ಇನ್ನೊಂದು ಪೆಟ್ಟು. ಪರಿಶೀಲಿಸುವುದಾಗಿಯೂ, ಪೆಟ್ಟು. ಸಮತಟ್ಟು ಮಾಡುವ ಕಾಮಗಾರಿಯನ್ನು ಮುಂದುವರಿಸುವುದಾಗಿಯೂ ಎಂಬಲ್ಲಿ ಅಕ್ಕ ಬಡಿಯುವ ಮೊದಲೇ ಅವನು ತಾನಾಗಿ ನಿಂತ. ಸಭೆಯಲ್ಲಿ ಆ ತುಂಡು ಒಂದು ಕ್ಷಣ ಬೇರೆಯಾಗಿ ಉಳಿಯಿತು. ಮುಂದಿನ ಸಾಲಿನ ದೋಣಿಯವರೊಬ್ಬರು ಎದ್ದರು.

"ಅದ್ ಯಾವಾಗ ತೀರ್ಮಾನ ಆದದ್ದ್? ಯಾರ್ ಕೈ ಎತ್ತಿರ್?"

ಯಾರೂ ಎತ್ತಿರಲಿಲ್ಲ. ಚರ್ಚೆಯೇ ಆಗಿರಲಿಲ್ಲ. ಅಧ್ಯಕ್ಷರು ಬರವಣಿಗೆಯವನ ಮುಖ ನೋಡಿದರು, ಅವನು ಹೋದ ವರ್ಷದ ಪುಸ್ತಕದಲ್ಲಿ ಹಾಗೇ ಇತ್ತು, ಅದನ್ನೇ ಇಳಿಸಿದೆ ಎಂದ. ಗಲಾಟೆಯ ನಡುವೆ ಅಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಕೈಬರಹದ ಹಾಳೆಯನ್ನು ತೆಗೆದರು. ಮಡಿಕೆಯಲ್ಲಿ ಮೀನಿನ ಎಣ್ಣೆ ಹತ್ತಿ ಅಕ್ಷರ ಅಲ್ಲಲ್ಲಿ ಹಬ್ಬಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಓದಿದರು. ಕಲ್ಲು ಬಂದಲ್ಲಿ ನಿಂತರು, ಉಸಿರು ತೆಗೆದುಕೊಂಡರು, ಮತ್ತೆ ಹೊರಟರು. ಅವಸರವಿರಲಿಲ್ಲ. ಕಾರು ಎಲ್ಲಿ ಬೇಕಾದರೂ ನಿಲ್ಲುತ್ತದೆ ಎಂದು ಹೇಳಿ, ನಿಂತರು. ಆ ಬಿಡುವಿನಲ್ಲಿ ಯಾರೂ ನಗಲಿಲ್ಲ. ಮೀನು ಅಲ್ಲೇ ಒಣಗಬೇಕು ಎಂದು ಆ ವಾಕ್ಯ ಮುಗಿಸಿದಾಗ ಹಿಂದಿನ ಬಾಗಿಲಲ್ಲಿ ನಿಂತಿದ್ದ, ಅವರ ಜೊತೆ ಮೀನು ಒಣಗಿಸುವ ಹೆಂಗಸರು ಹೌದು ಎಂದರು.

ಅಂದು ಕಾಮಗಾರಿ ಮುಂದುವರಿಸುವ ಮಾತನ್ನು ಪುಸ್ತಕದಿಂದ ಹೊಡೆದುಹಾಕಿದರು. ಬಯಲನ್ನು ಮುಟ್ಟುವ ಮೊದಲು ಆ ಹನ್ನೆರಡು ಹೆಂಗಸರನ್ನು ಕರೆದು ಕೇಳಬೇಕೆಂದು ಬರೆದರು. ಅಕ್ಕ ಅದನ್ನೂ ಎರಡು ಸಲ ಓದಿಸಿ, ಎರಡು ಕಡೆ ಅಲ್ಪವಿರಾಮ ಹಾಕಿಸಿ, ಆಮೇಲೆ ರುಜು ಹಾಕಿದರು. ದೊಡ್ಡ ಗೆಲುವೆಂದು ನಾನು ಹೇಳುವುದಿಲ್ಲ. ಕಾರುಗಳು ಬರುತ್ತಲೇ ಇವೆ, ಮುಂದಿನ ಸಭೆಯಲ್ಲಿ ಈ ಮಾತು ಮತ್ತೆ ಏಳುತ್ತದೆ. ಸದ್ಯಕ್ಕೆ ಬಯಲಿನಲ್ಲಿ ಮೀನು ಒಣಗುತ್ತಿದೆ.

ಮರುದಿನ ಅಕ್ಕ ನಮ್ಮ ಜಗಲಿಗೆ ಬಂದು, ಕಂಬ ಹಿಡಿದು ನಿಂತು, ಒಣ ಸೀಗಡಿಯ ಪೊಟ್ಟಣ ಮುಂದಿಟ್ಟರು. ಉಪ್ಪು ನೋಡಿ ಟೀಚರೇ, ಎಂದರು. ನಾನು ಉಪ್ಪು ನೋಡುವ ಸ್ಥಿತಿಯಲ್ಲಿರಲಿಲ್ಲ. ಹಿಂದಿನ ದಿನದಿಂದ ಎದೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಅವನು ನನ್ನ ಶಿಷ್ಯ, ಆ ಅರ್ಜಿಯ ಅಚ್ಚು ನನ್ನದು, ನಿಮ್ಮನ್ನು ಊರೆದುರು ನಗೆಪಾಟಲು ಮಾಡಿದ ಆ ಹಾಳೆ ಶುರುವಾದದ್ದು ನನ್ನ ಬೋರ್ಡಿನಲ್ಲಿ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಪರವಾಗಿಲ್ಲ ಎಂದಿದ್ದರೂ ಆಗುತ್ತಿತ್ತು.

ಎರಡನ್ನೂ ಹೇಳಲಿಲ್ಲ. ಉಸಿರು ಸಮನಾಗುವವರೆಗೆ ನಿಂತರು. ಆಮೇಲೆ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ, ಕೇಳಿದರು.

"ಅಲ್ಲ ಟೀಚರೇ, ಅರವತ್ತ್ ಕಳ್ದ್ ನಂಗ್ ಕಲ್ಸ್ದ್ರಿ. ಹನ್ನೆರಡ್ ವರ್ಷದ್ ಆ ಮಾಣಿಗ್ ಎಂತಕ್ ಕಲ್ಸ್ಲಿಲ್ಲ?"

ನನ್ನ ಹತ್ತಿರ ಉತ್ತರವಿತ್ತು. ಐದಕ್ಕೆ ಐದು ಎಂಬುದು ಆ ಉತ್ತರ. ಅದನ್ನು ಹೇಳುವ ಬದಲು ಪೊಟ್ಟಣ ಬಿಚ್ಚಿ ಸೀಗಡಿಯ ಉಪ್ಪು ನೋಡಿದೆ.